ಕಾರು ಕಟ್ಟುವ ಮುನ್ನ ಒಂದು ಚೆಂಡು ಹುಡುಕಿಟ್ಟುಕೊಳ್ಳಿ

ಬ್ರಿಟನ್ನಿನಲ್ಲಿ ಮನೆಯಲ್ಲೇ ಜೋಡಿಸಿದ ಕಾರು ರಸ್ತೆಗಿಳಿಯಬೇಕಾದರೆ ಮೊದಲು ಒಂದು ಚೆಂಡಿನಿಂದ ಪಾರಾಗಬೇಕು. 100 ಮಿಲಿಮೀಟರ್ ವ್ಯಾಸದ ಚೆಂಡು, ಒಳ್ಳೆ ದಪ್ಪ ಮೋಸಂಬಿಯಷ್ಟು. ಕಾರಿನ ಹೊರಮೈ ಮೇಲೆ ಉರುಳಿಸಿದರೆ ಅದು ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಅಂಚು ಕನಿಷ್ಠ 2.5 ಮಿ.ಮೀ. ತ್ರಿಜ್ಯದಷ್ಟು ದುಂಡಗಿರಬೇಕು. ದಾರಿಹೋಕನಿಗೆ ಕಾರು ತಗುಲಿದರೆ ಪೆಟ್ಟಾಗಬಹುದು, ಆದರೆ ಮೈ ಸೀಳಬಾರದು ಎನ್ನುವುದು ಲೆಕ್ಕ. ಕಾರಿನ ಒಳಗೆ, ಡ್ಯಾಶ್‌ಬೋರ್ಡಿನ ಕಡೆಗೆ, ಬೇರೆಯದೇ ಚೆಂಡು. ಅದು 165 ಮಿ.ಮೀ., ಮನುಷ್ಯನ ತಲೆಯ ಅಂದಾಜಿಗೆ.

ಈ ಚೆಂಡುಗಳ ವಿಷಯ ನನಗೆ ತಿಳಿಯುವ ಹೊತ್ತಿಗೆ ನನ್ನ ಕಾರಿನ ಡ್ಯಾಶ್‌ಬೋರ್ಡ್ ಕೂತು ಆರು ವಾರವಾಗಿತ್ತು. ಹಳೇ ವಿಮಾನದಲ್ಲಿರುವಂಥ ಉಕ್ಕಿನ ಟಾಗಲ್ ಸ್ವಿಚ್ಚುಗಳನ್ನು ಹುಡುಕಿ ತಂದು ಸಾಲಾಗಿ ಜೋಡಿಸಿದ್ದೆ. ನೋಡಲು ಚೆಂದ, ಹಣೆ ಬಡಿದರೆ ಮೊಳೆ. ಎಲ್ಲ ಕಿತ್ತು, ಹಲಗೆ ಬದಲಿಸಿ, ವೈರಿಂಗ್ ಮತ್ತೆ ಎಳೆದೆ. ಮೂರು ವಾರಾಂತ್ಯ ಅದಕ್ಕೇ ಹೋಯಿತು. ಮೊದಲ ಸಲ ಕಿಟ್ ಕಾರು ಕಟ್ಟಹೊರಟವರಿಗೆ ನಾನು ಹೇಳುವುದೂ ಇದನ್ನೇ: ಬಣ್ಣದ ಕ್ಯಾಟಲಾಗಿನಿಂದ ಶುರುಮಾಡಬೇಡಿ, ಕೊನೆಯ ಪರೀಕ್ಷೆಯಿಂದ ಶುರುಮಾಡಿ ಹಿಂದಕ್ಕೆ ಬನ್ನಿ.

ನಾನಿರುವುದು ಕೊವೆಂಟ್ರಿಯಲ್ಲಿ, ಊರು ಹಾಸನ. ಅಪ್ಪ ಅಲ್ಲಿಯ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಫೋನಿನಲ್ಲಿ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ದುಡ್ಡೂ ನೀನೇ ಕೊಟ್ಟು ಕೆಲಸಾನೂ ನೀನೇ ಮಾಡೋದಾ? ಅವರಿಗೇನು ಲಾಭ ಅಂತ ಗೊತ್ತಾಯ್ತು. ನಿಂಗೇನಪ್ಪಾ?” ಎಂದರು.

ಅಪ್ಪನ ಪ್ರಶ್ನೆಗೆ ಒಂದು ಕಾಲದಲ್ಲಿ ನೇರ ಉತ್ತರ ಇತ್ತು: ತೆರಿಗೆ. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ‘ಸೆವೆನ್’ ಎಂಬ ಪುಟ್ಟ ಕಾರನ್ನು ಹೊರತಂದಿತು. ಬಾಗಿಲಿಲ್ಲ, ಗಟ್ಟಿ ಛಾವಣಿಯಿಲ್ಲ. ಕೊಳವೆಗಳನ್ನು ಬೆಸೆದ ಚೌಕಟ್ಟು, ಅದರ ಮೇಲೆ ಅಲ್ಯುಮಿನಿಯಂ ತಗಡು, ಮುಂದೆ ಎಂಜಿನ್, ಹಿಂದೆ ಇಬ್ಬರಿಗೆ ಜಾಗ. ಆಗ ಹೊಸ ಕಾರಿಗೆ ಬ್ರಿಟನ್ನಿನಲ್ಲಿ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಪೆಟ್ಟಿಗೆಗೆ ಇರಲಿಲ್ಲ. ಜೋಡಿಸುವ ಕ್ರಮದ ಪುಸ್ತಕ ಜೊತೆಗೆ ಕೊಡುವಂತಿಲ್ಲ ಎಂಬ ಷರತ್ತಿಗೆ ಲೋಟಸ್‌ನವರು ಬಿಚ್ಚುವ ಕ್ರಮದ ಪುಸ್ತಕ ಕೊಟ್ಟರು, ಕೊಂಡವರು ಅದನ್ನು ಹಿಂದುಮುಂದಾಗಿ ಓದಿಕೊಂಡರು ಎನ್ನುವ ಕಥೆಯನ್ನು ಇಲ್ಲಿ ಕಿಟ್ ಕಾರಿನವರು ಪ್ರತಿ ಭೇಟಿಯಲ್ಲೂ ಹೇಳುತ್ತಾರೆ. 1973ರಲ್ಲಿ ಖರೀದಿ ತೆರಿಗೆ ಹೋಗಿ ವ್ಯಾಟ್ ಬಂತು, ಆ ಲಾಭ ಮುಗಿಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಎಂಬ ಕಂಪನಿಗೆ ಹೋಯಿತು. ಅವರು ಇಂದಿಗೂ ಅದೇ ಆಕಾರದ ಕಾರನ್ನು ಪೆಟ್ಟಿಗೆಗಳಲ್ಲಿ ಮಾರುತ್ತಿದ್ದಾರೆ. ಅಂದರೆ ಲಾಭ ಹೋದಮೇಲೂ ಚಟ ಉಳಿಯಿತು. ಅಪ್ಪನಿಗೆ ಇದನ್ನು ವಿವರಿಸುವುದು ಕಷ್ಟ.

ಯಾವ ದಾರಿ

ಹೊಸಬರ ಮುಂದೆ ಮೂರು ದಾರಿಗಳಿವೆ. ಎಲ್ಲ ಭಾಗವೂ ಹೊಸದಾಗಿ ಒಂದೇ ಕಂಪನಿಯಿಂದ ಬರುವ ಪೂರ್ಣ ಕಿಟ್ ಒಂದು. ಹಳೆಯ ಕಾರೊಂದನ್ನು ಕೊಂಡು, ಅದರ ಎಂಜಿನ್ನು, ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು ತೆಗೆದು ಹೊಸ ಚಾಸಿಗೆ ಕೂರಿಸುವುದು ಇನ್ನೊಂದು. ಹೀಗೆ ಬಲಿಯಾಗುವ ಕಾರಿಗೆ ಇಲ್ಲಿ ‘ಡೋನರ್’ ಎನ್ನುತ್ತಾರೆ, ದಾನಿ ಅನ್ನಿ. ಮೂರನೆಯದು, ಚೌಕ ಕೊಳವೆ ತಂದು ಚಾಸಿಯನ್ನೂ ತಾನೇ ಬೆಸೆಯುವುದು. 1996ರಲ್ಲಿ ರಾನ್ ಚಾಂಪಿಯನ್ ಎಂಬವರು 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಬಹುದೆಂದು ಪುಸ್ತಕವನ್ನೇ ಬರೆದರು. ಅದನ್ನು ಓದಿ ವೆಲ್ಡಿಂಗ್ ಕಲಿತವರು ಬಹಳ ಮಂದಿ. ಆದರೆ ಮೊದಲ ಕಾರಿಗೇ ವೆಲ್ಡಿಂಗ್ ಕಲಿಯಹೋಗುವುದು ಅಡುಗೆ ಕಲಿಯಲು ಮದುವೆಮನೆಯ ಒಲೆ ಹಚ್ಚಿದ ಹಾಗೆ. ಆ ದಾರಿ ಎರಡನೆಯ ಕಾರಿಗಿರಲಿ.

ಇನ್ನೊಬ್ಬರು ಅರ್ಧಕ್ಕೆ ಬಿಟ್ಟ ಕಿಟ್ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ತೋರಿಸುತ್ತಾರೆ. ಹೊಸಬರು ಅದರ ಹತ್ತಿರ ಹೋಗಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಯಾವ ಬೋಲ್ಟು ಬಿಗಿದಿದೆ, ಯಾವುದು ಕೈಯಲ್ಲಿ ತಿರುಗಿಸಿಟ್ಟದ್ದು ಎಂದು ಹೇಳುವವರಿಲ್ಲ. ಕಳೆದ ಭಾಗಗಳ ಪಟ್ಟಿ ಇರುವುದಿಲ್ಲ. ಬಿಟ್ಟವನು ಯಾಕೆ ಬಿಟ್ಟ ಎಂಬ ಕಾರಣ ಆ ಕಾರಿನೊಳಗೇ ಎಲ್ಲೋ ಕೂತಿರುತ್ತದೆ, ನಿಮಗೆ ಸಿಗುವುದು ಎಂಟು ತಿಂಗಳ ನಂತರ.

ಕೈಯಲ್ಲಿ ಹಣವಿದ್ದು ಸಮಯವಿಲ್ಲದಿದ್ದರೆ ಪೂರ್ಣ ಕಿಟ್ಟೇ ಸರಿ. ನಾನು ಆರಿಸಿಕೊಂಡದ್ದು ದಾನಿಯ ದಾರಿ. ದಾನಿ 1999ರ ಮಾಜ್ದಾ ಎಂಎಕ್ಸ್-5. ಒಂದು ಕಾಲಕ್ಕೆ ಈ ಜಾಗದಲ್ಲಿ ಫೋರ್ಡ್ ಎಸ್ಕಾರ್ಟ್, ಸಿಯೆರಾ ಇದ್ದವು. ಅವು ಈಗ ಅಪರೂಪವಾಗಿ ದುಬಾರಿಯಾಗಿವೆ. ಎಂಎಕ್ಸ್-5ರಲ್ಲಿ ಎಂಜಿನ್ ಮುಂದೆ, ಎಳೆತ ಹಿಂಗಾಲಿಗೆ, ಸೆವೆನ್ ಮಾದರಿಗೆ ಬೇಕಾದ್ದು ಅದೇ. ಇದರ ಎಂಜಿನ್ನು ಗಟ್ಟಿ, ಆದರೆ ಬಾಗಿಲ ಕೆಳಗಿನ ತಗಡು ತುಕ್ಕು ತಿನ್ನುತ್ತದೆ. ತುಕ್ಕಿನಿಂದಾಗಿ ಬೆಲೆ ಬಿದ್ದಿರುತ್ತದೆ, ನಮಗೋ ಆ ತಗಡು ಬೇಕಾಗಿಯೇ ಇಲ್ಲ. ಒಂದು ಟನ್ನಿಗೂ ಮೇಲಿನ ಕಾರಿನ ಎಂಜಿನ್ನನ್ನು ಆರುನೂರು ಕಿಲೋ ಆಸುಪಾಸಿನ ಕಾರಿಗೆ ಹಾಕಿದಾಗ ಏನಾಗುತ್ತದೆ ಎನ್ನುವುದನ್ನು ಬರೆದು ತಿಳಿಸಲಾಗದು.

ದಾನಿ ಕಾರನ್ನು ತಂದ ದಿನವೇ ಬಿಚ್ಚಲು ಕೂರಬೇಡಿ. ಒಂದು ತಿಂಗಳು ಓಡಿಸಿ. ಎರಡನೇ ಗೇರು ಕಿರುಗುಟ್ಟುತ್ತದೆಯೇ, ಎಂಜಿನ್ ಬಿಸಿಯಾಗುತ್ತದೆಯೇ, ಯಾವ ದೀಪ ಉರಿಯುವುದಿಲ್ಲ, ಎಲ್ಲ ಬರೆದಿಟ್ಟು ಅಲ್ಲೇ ಸರಿಮಾಡಿ. ಇಲ್ಲವಾದರೆ ಹೊಸ ಕಾರು ಸ್ಟಾರ್ಟ್ ಆಗದಿದ್ದಾಗ ತಪ್ಪು ಹಳೆಯದೋ ನೀವು ಮಾಡಿದ್ದೋ ಎಂದು ಬಗೆಹರಿಯುವುದಿಲ್ಲ. ಬಿಚ್ಚುವಾಗ ಪ್ರತಿ ಕೂಡಿಕೆಗೆ ಒಂದು ಫೋಟೊ, ಒಂದು ಜಿಪ್ ಚೀಲ, ಚೀಲದ ಮೇಲೆ ಬರಹ. ‘ಎಡ ಮುಂದಿನ ಕ್ಯಾಲಿಪರ್, ಮೇಲಿನ ಬೋಲ್ಟು, ವಾಷರ್ 1’ ಎಂಬಷ್ಟು ವಿವರ ಬೇಕು. ‘ಬ್ರೇಕ್ ಬೋಲ್ಟುಗಳು’ ಎಂದು ಬರೆದರೆ ನಾಲ್ಕು ತಿಂಗಳ ಬಳಿಕ ಅದು ನಿಮಗೇ ಒಗಟು. ಉಳಿದ ಸೀಟು, ಬಾಗಿಲು, ಮಡಚುವ ಛಾವಣಿ ಮಾರಿ. ದಾನಿಗೆ ಕೊಟ್ಟ ದುಡ್ಡಿನಲ್ಲಿ ಒಳ್ಳೆಯ ಪಾಲು ವಾಪಸು ಬರುತ್ತದೆ. ಅದರ ನೋಂದಣಿ ಪುಸ್ತಕ ಮಾತ್ರ ಬೀರುವಿನಲ್ಲಿರಲಿ.

ನಂಬರಿನ ಲೆಕ್ಕ

ಪುಸ್ತಕ ಯಾಕೆ ಬೇಕೆಂದರೆ, ಕಾರಿಗೆ ಸಿಗುವ ನಂಬರ್ ನಿಂತಿರುವುದೇ ಅದರ ಮೇಲೆ. ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎ, ಎಲ್ಲ ಭಾಗವೂ ಹೊಸದಾದ ಕಿಟ್ಟಿಗೆ ಹೊಸ ಕಾರಿನ ನಂಬರನ್ನೇ ಕೊಡುತ್ತದೆ. ಹೊಸ ಚಾಸಿಗೆ ಒಂದೇ ದಾನಿ ಕಾರಿನ ಎರಡು ಮುಖ್ಯ ಭಾಗಗಳಾದರೂ ಸೇರಿದ್ದು ದಾಖಲೆ ಸರಿಯಿದ್ದರೆ ದಾನಿಯ ವಯಸ್ಸಿಗೆ ತಕ್ಕ ನಂಬರ್. ಹತ್ತು ಕಡೆಯಿಂದ ತಂದು ಸೇರಿಸಿ, ಯಾವುದಕ್ಕೂ ಪುರಾವೆ ಇಲ್ಲವೆಂದರೆ ‘ಕ್ಯೂ’ ಅಕ್ಷರದ ನಂಬರ್. ಅದರ ಅರ್ಥ, ಈ ಕಾರಿನ ವಯಸ್ಸಾಗಲಿ ಮೂಲವಾಗಲಿ ಗೊತ್ತಿಲ್ಲ ಎಂದು. ಓಡಿಸಲು ಅಡ್ಡಿಯಿಲ್ಲ, ಮಾರುವ ದಿನ ಕೊಳ್ಳುವವನು ಆ ಅಕ್ಷರ ನೋಡಿಯೇ ಚೌಕಾಸಿ ಶುರುಮಾಡುತ್ತಾನೆ. ಆದ್ದರಿಂದ ಗೇರ್‌ಬಾಕ್ಸು ಒಂದು ಕಾರಿನದು, ಎಂಜಿನ್ನು ಇನ್ನೊಂದರದು ಎಂದು ಕೊಳ್ಳುವ ಮೊದಲು ಯೋಚಿಸಿ. ಈ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ, ಮುಂಗಡ ಕೊಡುವ ವಾರವೇ ಸರಕಾರದ ಪುಟವನ್ನು ಹೊಸದಾಗಿ ಓದಿ.

ನಂಬರಿಗೂ ಮುನ್ನ ಪಾಸಾಗಬೇಕಾದ ಆ ಚೆಂಡಿನ ಪರೀಕ್ಷೆಯ ಹೆಸರು ಐವಿಎ. 2009ರಿಂದ ಇದೆ, ಅದಕ್ಕೂ ಮೊದಲು ಎಸ್‌ವಿಎ ಎಂಬುದಿತ್ತು. ಹವ್ಯಾಸಿಗಳ ಕಾರಿಗೆ ಶುಲ್ಕ ಸುಮಾರು 450 ಪೌಂಡ್, ಫೇಲಾದರೆ ಮರುಪರೀಕ್ಷೆಗೆ 90ರಷ್ಟು. ಇದರ ಕೈಪಿಡಿಯನ್ನು ಸರಕಾರ ಪುಕ್ಕಟೆ ಕೊಡುತ್ತದೆ. ನೂರಾರು ಪುಟ, ಒಣ ಭಾಷೆ. ಆದರೂ ಕಿಟ್ ಕೊಳ್ಳುವ ಮೊದಲೇ ಮುದ್ರಿಸಿಕೊಂಡು, ಬಣ್ಣದ ಪೆನ್ನು ಹಿಡಿದು ಒಮ್ಮೆ ಓದಿ. ಹೊಗೆಯ ಮಿತಿ ಎಂಜಿನ್ನಿನ ವರ್ಷದ ಮೇಲೆ ನಿರ್ಧಾರವಾಗುತ್ತದೆ, ಆ ವರ್ಷವನ್ನು ನೀವು ಸಾಬೀತು ಮಾಡಬೇಕು. ಸ್ಟಿಯರಿಂಗ್ ತಿರುಗಿಸಿ ಕೈಬಿಟ್ಟರೆ ತಾನಾಗಿ ನಡುವಿನ ಕಡೆಗೆ ಮರಳಬೇಕು. ಹಗುರ ಕಾರುಗಳು ಇಲ್ಲಿ ಎಡವುತ್ತವೆ, ಮುಂಗಾಲಿನ ಕ್ಯಾಸ್ಟರ್ ಕೋನವನ್ನು ಸರಿಮಾಡಬೇಕಾಗುತ್ತದೆ. ಸೀಟ್ ಬೆಲ್ಟಿನ ಆಧಾರ, ಕನ್ನಡಿ, ಬ್ರೇಕಿನ ಸಮತೋಲ, ಶಬ್ದ, ದೀಪಗಳ ಎತ್ತರ ಎಲ್ಲ ಅಳತೆಗೆ ಒಳಪಟ್ಟವು. ಮತ್ತೆ, ಕಾರನ್ನು ನೀವೇ ಕಟ್ಟಿದ್ದೆಂದು ತೋರಿಸಲು ಫೋಟೊಗಳು, ರಸೀದಿಗಳು ಬೇಕು. ಗ್ರೀಸು ಮೆತ್ತಿದ ನಿಮ್ಮ ಮುಖ ಕೆಲವು ಫೋಟೊಗಳಲ್ಲಾದರೂ ಇರಲಿ.

ಚೆಂಡಿಗೆ ಹೆದರಿ ಎಲ್ಲರೂ ಬೋಲ್ಟುಗಳ ತಲೆಗೆ ಪ್ಲಾಸ್ಟಿಕ್ ಟೋಪಿ, ತಗಡಿನ ಅಂಚಿಗೆ ರಬ್ಬರ್ ಪಟ್ಟಿ ಹಾಕಿ ಕಾರನ್ನು ಪರೀಕ್ಷೆಗೆ ಒಯ್ಯುತ್ತಾರೆ. ಪಾಸಾದ ವಾರದಲ್ಲಿ ಎಷ್ಟು ಟೋಪಿಗಳು ಉದುರುತ್ತವೆ ಎಂದು ನಾನು ಎಣಿಸಲು ಹೋಗುವುದಿಲ್ಲ.

ಜಾಗ, ದುಡ್ಡು, ಹೊತ್ತು

ಸೆವೆನ್ ಮಾದರಿಯ ಕಾರು ಸುಮಾರು 1.6 ಮೀಟರ್ ಅಗಲ. ನನ್ನ ಗ್ಯಾರೇಜು ಒಳಗೆ 2.4 ಮೀಟರ್. ಹಿಡಿಯುತ್ತದೆ ಎಂದು ಖುಷಿಪಟ್ಟಿದ್ದೆ. ಪ್ರತಿ ಪಕ್ಕಕ್ಕೆ ಉಳಿಯುವುದು 40 ಸೆಂಟಿಮೀಟರ್, ಅದರಲ್ಲೇ ಕೂತು, ಟಾರ್ಕ್ ರೆಂಚಿನ ಉದ್ದ ಹಿಡಿಯನ್ನು ತಿರುಗಿಸಬೇಕು ಎನ್ನುವುದು ಹೊಳೆದಿರಲಿಲ್ಲ. ಕೊನೆಗೆ ಚಾಸಿಯನ್ನು ಗಾಲಿಯಿರುವ ಮರದ ಹಲಗೆ ಮೇಲಿಟ್ಟು, ಇವತ್ತು ಎಡ ಗೋಡೆಗೆ, ನಾಳೆ ಬಲ ಗೋಡೆಗೆ ತಳ್ಳಿಕೊಂಡು ಕೆಲಸ ಮಾಡಿದೆ. ಕೊಳ್ಳುವ ಮುನ್ನ ನೆಲದ ಮೇಲೆ ಟೇಪಿನಿಂದ ಕಾರಿನ ಆಕಾರ ಬರೆದು, ಅದರ ಸುತ್ತ ಒಮ್ಮೆ ಕೂತು ಎದ್ದು ನೋಡಿ. ಕಾರಿನ ಮೂತಿ, ಮಡ್‌ಗಾರ್ಡು, ಸೀಟು ಎಲ್ಲ ಕೊನೆಯಲ್ಲಿ ಕೂರುವಂಥವು, ಆದರೆ ಮೊದಲ ದಿನವೇ ಮನೆಗೆ ಬರುತ್ತವೆ. ನಮ್ಮಲ್ಲಿ ಫೈಬರ್ ಮೂತಿ ಒಂದು ವರ್ಷ ದೇವರ ಗೂಡಿನ ಪಕ್ಕ ಇತ್ತು. ವರಮಹಾಲಕ್ಷ್ಮಿ ಹಬ್ಬದ ದಿನ ಹೆಂಡತಿ ಅದಕ್ಕೂ ಒಂದು ಕುಂಕುಮ ಇಟ್ಟಳು.

ಸಲಕರಣೆಗಳಲ್ಲಿ ಸಾಕೆಟ್ ಸೆಟ್, ಟಾರ್ಕ್ ರೆಂಚ್, ನಾಲ್ಕು ಆಕ್ಸಲ್ ಸ್ಟ್ಯಾಂಡ್, ಜ್ಯಾಕ್, ರಿವೆಟ್ ಗನ್, ಮಲ್ಟಿಮೀಟರ್ ಒಳ್ಳೆಯವನ್ನೇ ಕೊಳ್ಳಿ. ಎಂಜಿನ್ ಎತ್ತುವ ಕ್ರೇನು ಎರಡು ದಿನದ ಕೆಲಸ, ಬಾಡಿಗೆಗೆ ತನ್ನಿ.

ಕಿಟ್ಟಿನ ಬೆಲೆ ಎಂದರೆ ಕಾರಿನ ಬೆಲೆ ಅಲ್ಲ. ಚಕ್ರ, ಟೈರು, ಸೀಟು, ಬ್ರೇಕ್ ಪೈಪು, ಸಾಗಣೆ, ಶೇಕಡಾ 20 ವ್ಯಾಟ್ ಸೇರಿದೆಯೇ ಎಂದು ಬರಹದಲ್ಲೇ ಕೇಳಿ. ನನ್ನ ಬಜೆಟ್ಟು ಮೂರನೇ ಒಂದು ಪಾಲಿನಷ್ಟು ಹಿಗ್ಗಿತು. ದೊಡ್ಡ ವಸ್ತುಗಳಿಂದಲ್ಲ, ಕ್ಲಿಪ್ಪು, ರಿವೆಟ್ಟು, ಸೀಲೆಂಟು, ಮರಳಿ ಬಳಸಬಾರದ ನೈಲಾಕ್ ನಟ್ಟು ಇಂಥವುಗಳಿಂದ. ಕಿಟ್ ತಯಾರಕರು ಬಹುತೇಕ ಸಣ್ಣ ಕಂಪನಿಗಳು. 1982ರಲ್ಲಿ ಶುರುವಾದ ವೆಸ್ಟ್‌ಫೀಲ್ಡ್‌ನಂಥ ಹೆಸರುವಾಸಿ ಕಂಪನಿಯೂ 2022ರಲ್ಲಿ ಹಣದ ಮುಗ್ಗಟ್ಟಿನಿಂದ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಹಾಗಾಗಿ ಕಂಪನಿಯ ಶೆಡ್ಡಿಗೆ ನೀವೇ ಹೋಗಿ ನೋಡಿ, ಅವರ ಕಿಟ್ ಕಟ್ಟಿ ಮುಗಿಸಿದವರೊಬ್ಬರ ಜೊತೆ ಚಹಾ ಕುಡಿಯಿರಿ, ಪೂರ್ತಿ ಹಣ ಮುಂಗಡ ಕೊಡಬೇಡಿ. ಮುಂಗಡದಲ್ಲಿ ಸ್ವಲ್ಪವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ: 100 ಪೌಂಡಿಗೆ ಮೇಲ್ಪಟ್ಟು 30,000 ಪೌಂಡಿನವರೆಗಿನ ವಸ್ತುವಿಗೆ, 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಮಾರಿದವನು ಕೈಕೊಟ್ಟರೆ ಕಾರ್ಡಿನ ಬ್ಯಾಂಕೂ ಹೊಣೆ.

ಹೊತ್ತಿನ ಲೆಕ್ಕಕ್ಕೆ ಕೇಟರ್‌ಹ್ಯಾಮ್ ತನ್ನ ಪೂರ್ಣ ಕಿಟ್ಟಿಗೆ ಹೇಳುವುದು 80ರಿಂದ 100 ಗಂಟೆ. ಹೊಸ ಕೈಗೆ ಅದು ದುಪ್ಪಟ್ಟು ಎಂದೇ ಹಿಡಿಯಿರಿ, ದಾನಿ ಕಾರಿನ ದಾರಿಯಾದರೆ ಇನ್ನೂ ಹೆಚ್ಚು. ವಾರಕ್ಕೆ ಆರು ಗಂಟೆ ಸಿಕ್ಕರೆ ವರ್ಷಕ್ಕೆ ಮುನ್ನೂರು. ಅದರಲ್ಲಿ ಊರಿಗೆ ಹೋಗುವ ತಿಂಗಳು, ಮಕ್ಕಳ ಜ್ವರ, ಕೈ ಮರಗಟ್ಟುವ ಜನವರಿ ಕಳೆಯಿರಿ. ಒಂದೇ ದಿನ ಹತ್ತು ಗಂಟೆ ಕೂತು ಮಾಡುವವರು ಸಂಜೆ ಹೊತ್ತಿಗೆ ತಪ್ಪು ಮಾಡುತ್ತಾರೆ. ದಿನಾ ಒಂದು ಗಂಟೆ ಮಾಡುವವರು ಮುಗಿಸುತ್ತಾರೆ.

ಕೈ ಹಾಕಿದ ಮೇಲೆ

ಕೆಲಸದ ವಿವರ ಕಿಟ್ಟಿನ ಕೈಪಿಡಿಯಲ್ಲಿರುತ್ತದೆ. ಅಲ್ಲಿರದ ಎರಡು ಮಾತು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಅಪ್ಪನದು. ಡಿಪೋದಲ್ಲಿ ಬಸ್ಸಿನ ಚಕ್ರ ಬಿಗಿದಮೇಲೆ ನಟ್ಟಿಗೆ ಕೆಂಪು ಬಣ್ಣದ ಬೊಟ್ಟಿಡುತ್ತಿದ್ದರಂತೆ. “ಬೊಟ್ಟಿಲ್ಲದ ನಟ್ಟು ಬಿಗಿದಿಲ್ಲ ಅಂತಾನೇ ಲೆಕ್ಕ. ನಿನ್ನ ಜ್ಞಾಪಕ ನಂಬಬೇಡ” ಎಂದರು. ನಾನು ಹಳದಿ ಪೇಂಟ್ ಪೆನ್ನು ತಂದೆ. ಟಾರ್ಕ್ ರೆಂಚು ಕಟ್ ಎಂದ ಕೂಡಲೇ ನಟ್ಟಿನಿಂದ ಬೋಲ್ಟಿನ ಮೇಲೆ ಹಾದು ಪಕ್ಕದ ಲೋಹದವರೆಗೆ ಒಂದು ಗೆರೆ. ಮುಂದೆ ನಟ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ಕಾರಿನಡಿ ಮಲಗಿ ಟಾರ್ಚ್ ಬಿಟ್ಟೆ. ಹಿಂದಿನ ಒಂದು ಸಸ್ಪೆನ್ಷನ್ ಆರ್ಮ್ ನಟ್ಟಿನಲ್ಲಿ ಗೆರೆ ಕೂದಲೆಳೆಯಷ್ಟು ಸರಿದಿತ್ತು.

ಎರಡನೆಯದು ಅರ್ತಿಂಗ್. ನಮ್ಮ ಕಾರಿಗೆ ಮೊದಲ ಸಲ ದೀಪ ಹಾಕಿದ ಸಂಜೆ ಬ್ರೇಕ್ ಒತ್ತಿದರೆ ಇಂಡಿಕೇಟರುಗಳು ಮಂಕಾಗಿ ಮಿಣುಕುತ್ತಿದ್ದವು, ಹಿಂದಿನ ದೀಪ ಅರೆಜೀವ. ಮೂರು ಸಂಜೆ ವೈರಿಂಗ್ ನಕ್ಷೆ ಹಿಡಿದು ಕೂತೆ. ತಪ್ಪು ವೈರಿನಲ್ಲಿರಲಿಲ್ಲ. ಚಾಸಿಗೆ ಪೌಡರ್ ಕೋಟಿಂಗ್ ಹೊಡೆದಿರುತ್ತಾರೆ, ಅದರಲ್ಲಿ ಕರೆಂಟು ಹರಿಯದು. ಅರ್ತ್ ವೈರಿನ ಉಂಗುರವನ್ನು ನಾನು ಆ ಬಣ್ಣದ ಮೇಲೆಯೇ ಬಿಗಿದಿದ್ದೆ. ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ಮೂಲಕ ನುಸುಳಿ ಹೊರಡುತ್ತಿತ್ತು. ಒಂದು ರೂಪಾಯಿ ನಾಣ್ಯದಷ್ಟು ಜಾಗ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಬಿಗಿದು, ಮೇಲೆ ಗ್ರೀಸು ಸವರಿದೆ. ಹತ್ತು ನಿಮಿಷದ ಕೆಲಸ.

ಬ್ರೇಕಿನ ಏರ್ ಬಿಡಿಸಲು ಮಾತ್ರ ಇಬ್ಬರು ಬೇಕು. “ಒತ್ತು, ಹಿಡ್ಕೊ, ಬಿಡು” ಎಂದು ನಾನು ಚಕ್ರದ ಬಳಿಯಿಂದ ಕೂಗುವುದು, ಹೆಂಡತಿ ಪೆಡಲ್ ಮೇಲೆ ಕಾಲಿಟ್ಟು ಕೂರುವುದು. ನಲವತ್ತನೇ ಸಲ ಅವಳು “ನಾನೇನು ಹೊಲಿಗೆ ಮಿಷನ್ನಾ?” ಎಂದಳು. ಬ್ರೇಕ್ ಎಣ್ಣೆ ಬಣ್ಣವನ್ನು ತಿನ್ನುತ್ತದೆ, ಪಕ್ಕದಲ್ಲಿ ಬಕೆಟ್ ನೀರು ಮತ್ತು ಬಟ್ಟೆ ಇರಲಿ. ಕೆಲಸ ಮುಗಿದಮೇಲೆ ನಿಮ್ಮ ಕೈಗೆಲಸ ನೋಡಲು ತಿಳಿದವರೊಬ್ಬರನ್ನು ಕರೆಯಿರಿ. ಪಕ್ಕದ ಬೀದಿಯಲ್ಲಿ ಬ್ರೌನ್ಸ್ ಲೇನ್‌ನ ಜಾಗ್ವಾರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಜ್ಜ ಒಬ್ಬರಿದ್ದರು. ಬಂದು, ಸುತ್ತ ಒಂದು ಸುತ್ತು ಹಾಕಿ, ಮಾತಾಡದೆ ಸ್ಟಿಯರಿಂಗ್ ಕೂಡಿಕೆಯ ಒಂದು ಪಿನ್ನನ್ನು ಬೆರಳಲ್ಲಿ ತೋರಿಸಿದರು. ಅದರ ತುದಿ ಮಡಚುವುದು ಮರೆತುಹೋಗಿತ್ತು.

ಊರಿನಲ್ಲಿರುವವರಿಗೆ ಒಂದು ಮಾತು. ಭಾರತದಲ್ಲಿ ಇದು ಈ ರೂಪದಲ್ಲಿ ನಡೆಯುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಪ್ರತಿ ಮಾದರಿಯೂ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ತಯಾರಕರ ಮೂಲಕ ಅನುಮೋದನೆ ಪಡೆಯಬೇಕು. ಒಬ್ಬನೇ ಕಟ್ಟಿದ ಒಂದೇ ಕಾರಿಗೆ ಇಲ್ಲಿಯ ಐವಿಎಯಂಥ ಬಾಗಿಲು ಅಲ್ಲಿಲ್ಲ. ಹಳೇ ಕಾರಿಗೆ ಮನಸ್ಸಿಗೆ ಬಂದಂತೆ ಚಾಸಿ ಬದಲಿಸಲು 1988ರ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕೈ ತುರಿಸುತ್ತಿದ್ದರೆ ಎಂಜಿನಿಯರಿಂಗ್ ಕಾಲೇಜಿನ ಬಾಜಾ ಅಥವಾ ಫಾರ್ಮುಲಾ ಭಾರತ್ ತಂಡ ಸೇರಿ. ಸ್ವಂತ ಕೈಯಿಂದ ಕಾರು ಕಟ್ಟಿ ಟ್ರ್ಯಾಕಿನಲ್ಲಿ ಓಡಿಸುವ ದಾರಿ ಅದು. ಅಥವಾ ಸರಿಯಾದ ಕಾಗದಪತ್ರವಿರುವ ಹಳೇ ಪದ್ಮಿನಿಯನ್ನೋ ಜೀಪನ್ನೋ ಮೂಲ ರೂಪಕ್ಕೆ ತನ್ನಿ, ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಹೇಗೂ ಇದೆ. ಅಮೆರಿಕದಲ್ಲಿರುವ ಗೆಳೆಯರಿಗೆ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಮತ್ತೆ ಬ್ರಿಟನ್ನಿಗೆ ಬರೋಣ. ಇಲ್ಲಿ ನೋಂದಣಿಯಾಗದ ಕಾರನ್ನೂ, ಸಮಯ ನಿಗದಿಯಾದ ಪರೀಕ್ಷೆಗೆ, ಚಾಸಿ ನಂಬರಿನ ಮೇಲೆ ವಿಮೆ ಮಾಡಿಸಿ, ಓಡಿಸಿಕೊಂಡೇ ಹೋಗಬಹುದು. ನಾನು ಹೋದೆ, ಫೇಲಾದೆ. ಚೆಂಡಿನಿಂದಲ್ಲ, ಟೈರಿನಿಂದ. ಚೆಂದ ಕಾಣಲೆಂದು ಹಿಂದೆ ದಾನಿ ಕಾರಿನದಕ್ಕಿಂತ ದೊಡ್ಡ ಟೈರು ಹಾಕಿದ್ದೆ. ಗೇರ್‌ಬಾಕ್ಸಿನಿಂದ ಓಡುವ ಸ್ಪೀಡೋಮೀಟರಿಗೆ ಅದು ತಿಳಿಯದು. ದೊಡ್ಡ ಚಕ್ರ ಕಡಿಮೆ ಸುತ್ತಿ ಹೆಚ್ಚು ದೂರ ಹೋಗುತ್ತದೆ, ಮುಳ್ಳು ಮಾತ್ರ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಮುಳ್ಳು ಸ್ವಲ್ಪ ಹೆಚ್ಚು ತೋರಿಸಿದರೆ ಮಾಫಿ, ಕಡಿಮೆ ತೋರಿಸಿದರೆ ಇಲ್ಲ. ಮೂರು ವಾರದ ನಂತರ ಹಳೇ ಅಳತೆಯ ಟೈರು ಹಾಕಿ ಹೋಗಿ ಪಾಸಾದೆ.

ಅರ್ಜಿ, ರಸೀದಿ, ದಾನಿಯ ಪುಸ್ತಕ ಎಲ್ಲ ಕಳಿಸಿ ಕೆಲವು ವಾರ ಕಾದ ಮೇಲೆ ನಂಬರ್ ಬಂತು, 1999ಕ್ಕೆ ತಕ್ಕ ‘ವಿ’ ಅಕ್ಷರದಿಂದ ಶುರುವಾಗುವುದು. ಅಪ್ಪನಿಗೆ ಫೋನ್ ಮಾಡಿದೆ.

“ಅಂಕಿ ಕೂಡಿದ್ರೆ ಎಷ್ಟು ಬರುತ್ತೆ?”

“ಎಂಟು.”

ಮತ್ತೆ ಅದೇ ಮೌನ. “ಎಂಟಾ? ಶನಿ ಸಂಖ್ಯೆ” ಎಂದರು. ಆಮೇಲೆ, “ಇರ್ಲಿ ಬಿಡು. ಹಿಂದಿನ ಆರ್ಮ್ ನಟ್ಟಿಗೆ ಗೆರೆ ಹೊಸದಾಗಿ ಎಳೆದ್ಯಾ?”